ಸ್ಟೇಟ್‌ಮೆಂಟಿನಲ್ಲಿ ಬಟ್ಟೆ ಅಂಗಡಿ, ಆಡಿದ್ದು ಪೋಕರ್

ಓದುಗರ ಪ್ರಶ್ನೆ

ಮೇಡಂ, ನನಗೆ 33 ವರ್ಷ. ಹುಬ್ಬಳ್ಳಿಯಲ್ಲಿ ಔಷಧ ಕಂಪನಿಯೊಂದರ ಸೇಲ್ಸ್‌ನಲ್ಲಿದ್ದೇನೆ. ಮೂರು ವರ್ಷದಿಂದ ಮೊಬೈಲ್‌ನಲ್ಲಿ ಪೋಕರ್, ಅಂದರೆ ಹಣ ಕಟ್ಟಿ ಆಡುವ ಇಸ್ಪೀಟಾಟ, ಆಡುತ್ತಿದ್ದೆ. ಆಗ ಇಲ್ಲಿಯದೇ ಆ್ಯಪ್. ಡೆಬಿಟ್ ಕಾರ್ಡಿನಿಂದ ಹಣ ಹಾಕುತ್ತಿದ್ದೆ, ಗೆದ್ದರೆ ಟಿಡಿಎಸ್ ಮುರಿದುಕೊಂಡು ಅದೇ ಖಾತೆಗೆ ಬರುತ್ತಿತ್ತು. 2025ರ ಆಗಸ್ಟ್‌ನಲ್ಲಿ ನಿಷೇಧದ ಕಾನೂನು ಬಂದು ಅದು ನಿಂತಿತು. ಉಳಿದಿದ್ದ ಹಣ ವಾಪಸ್ ಕೊಟ್ಟರು.

ದೀಪಾವಳಿ ಹೊತ್ತಿಗೆ ಟೆಲಿಗ್ರಾಂ ಗುಂಪಿನಲ್ಲಿ ಯಾರೋ ವಿದೇಶಿ ಸೈಟಿನ ಲಿಂಕ್ ಹಾಕಿದರು. ಡೆಬಿಟ್ ಕಾರ್ಡ್ ಎರಡು ಸಲ ಫೇಲ್ ಆಯಿತು. ಕ್ರೆಡಿಟ್ ಕಾರ್ಡ್ ಹಾಕಿದೆ. ಮೊದಲ ಸಲ ಆಗಲಿಲ್ಲ, ಆಮೇಲೆ ಆಯಿತು, ಒಟಿಪಿ ಕೂಡ ಕೇಳಲಿಲ್ಲ. ಹೀಗೆ ಆರು ಸಲ 100 ಡಾಲರ್ ಹಾಕಿದೆ. ಸ್ಟೇಟ್‌ಮೆಂಟ್ ನೋಡಿದರೆ ಯಾವುದೋ ಬಟ್ಟೆ ಅಂಗಡಿಯ ಹೆಸರು. ಕಾರ್ಡ್ ಬಿಲ್ಲು ಈಗ 60,000ದ ಹತ್ತಿರ. ಎರಡು ತಿಂಗಳಿಂದ ಮಿನಿಮಮ್ ಕಟ್ಟುತ್ತಿದ್ದೇನೆ.

ನಡುವೆ ಒಮ್ಮೆ ಚೆನ್ನಾಗಿ ಗೆದ್ದೆ. 38,000 ರೂಪಾಯಿ ಎರಡು ಬೇರೆ ಬೇರೆ ವ್ಯಕ್ತಿಗಳ ಖಾತೆಯಿಂದ ನನ್ನ ಸಂಬಳದ ಖಾತೆಗೆ ಬಂತು. ಮೂರು ವಾರದ ನಂತರ ಬ್ಯಾಂಕಿನವರು 14,500 ರೂಪಾಯಿಗೆ ಲೀನ್ ಬಿದ್ದಿದೆ, ಅಂದರೆ ಅಷ್ಟು ಹಣ ತೆಗೆಯದ ಹಾಗೆ ತಡೆ ಇದೆ, ಬೇರೆ ರಾಜ್ಯದ ಸೈಬರ್ ಪೊಲೀಸರ ದೂರು ಇದೆ ಅಂದರು. ಸೈಟಿನಲ್ಲಿ ಇನ್ನೂ ಸುಮಾರು 200 ಡಾಲರ್ ಇದೆ. ತೆಗೆಯಬೇಕಾದರೆ ವೆರಿಫಿಕೇಶನ್‌ಗೆ ಇನ್ನೂ 50 ಡಾಲರ್ ಹಾಕಿ, ಕಾರ್ಡಿನ ಎರಡೂ ಬದಿಯ ಫೋಟೋ ಕಳಿಸಿ ಅನ್ನುತ್ತಾರೆ. ಫೋಟೋ ಕಳಿಸಿದ್ದೇನೆ, ಹಣ ಹಾಕಿಲ್ಲ.

ನಾನು ಅಪರಾಧ ಮಾಡಿದ್ದೇನಾ? ಕಾರ್ಡಿನ ಹಣಕ್ಕೆ ಚಾರ್ಜ್‌ಬ್ಯಾಕ್ ಹಾಕಬಹುದಾ, ಅಂದರೆ ಬ್ಯಾಂಕಿಗೆ ತಕರಾರು ಕೊಟ್ಟು ಹಣ ವಾಪಸ್ ಪಡೆಯಬಹುದಾ? ಕ್ರೆಡಿಟ್ ಬಿಟ್ಟು ಡೆಬಿಟ್ ಕಾರ್ಡ್ ಬಳಸಿದ್ದರೆ ಸೇಫ್ ಇರುತ್ತಿತ್ತಾ? ಲಂಡನ್ನಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಕಾರ್ಡಿನಲ್ಲೇ ಆರಾಮಾಗಿ ಆಡುತ್ತಾನೆ. ಬರುವ ವರ್ಷ ಮನೆ ಸಾಲ ತೆಗೆಯಬೇಕು, ಸಿಬಿಲ್ ಹಾಳಾಗುತ್ತದಾ? ಮನೆಯವಳಿಗೆ ಇದ್ಯಾವುದೂ ಗೊತ್ತಿಲ್ಲ. ಬಿಲ್ಲು ಪ್ರತಿ ತಿಂಗಳು 14ಕ್ಕೆ ಬರುತ್ತದೆ.

ಉತ್ತರ

ಉತ್ತರ ಆಮೇಲೆ ಓದಿ. ಮೊದಲು ಬ್ಯಾಂಕಿನ ಆ್ಯಪ್ ತೆರೆದು ಆ ಕ್ರೆಡಿಟ್ ಕಾರ್ಡನ್ನು ಬ್ಲಾಕ್ ಮಾಡಿ. ಸುಮ್ನೆ ಲಾಕ್ ಮಾಡಿದರೆ ಸಾಲದು, ಬ್ಲಾಕ್ ಮಾಡಿ ಹೊಸ ನಂಬರಿನ ಕಾರ್ಡಿಗೆ ಅರ್ಜಿ ಹಾಕಿ. ಕಾರ್ಡಿನ ಎರಡೂ ಬದಿಯ ಫೋಟೋ ಅಂದರೆ ನಂಬರು, ಅವಧಿ, ಹಿಂದಿನ ಸಿವಿವಿ ಮೂರೂ ಹೋದ ಹಾಗೆ. ನಮ್ಮ ದೇಶದ ಅಂಗಡಿಗೆ ಒಟಿಪಿಯಂಥ ಇನ್ನೊಂದು ಖಾತ್ರಿ ಇಲ್ಲದೆ ಸಾಮಾನ್ಯವಾಗಿ ಆನ್‌ಲೈನ್ ಪಾವತಿ ಆಗುವುದಿಲ್ಲ. ವಿದೇಶಿ ಸೈಟಿಗೆ ಎಷ್ಟೋ ಸಲ ಈ ಮೂರೇ ಸಾಕು. ನಿಮ್ಮ ಆರೂ ಪಾವತಿ ಒಟಿಪಿ ಇಲ್ಲದೇ ಹೋಗಿವೆಯಲ್ಲ, ಏಳನೆಯದೂ ಹಾಗೇ ಹೋಗುತ್ತದೆ. ಅದನ್ನು ಒತ್ತುವವರು ನೀವೇ ಆಗಿರಬೇಕು ಅಂತೇನಿಲ್ಲ.

ಆಯಿತಾ? ಈಗ ಮಾತಾಡೋಣ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಶ್ನೆಗಳು ಹಲವು, ಆದರೆ ಅವುಗಳ ಕೆಳಗೆ ಒಂದೇ ನಂಬಿಕೆ ಇದೆ. ಬ್ಯಾಂಕಿನ ಕಾರ್ಡಿನಲ್ಲಿ ಕೊಟ್ಟಿದ್ದೇನೆ, ಕೈಯಲ್ಲಿ ನೋಟು ಕೊಟ್ಟಿಲ್ಲ, ಹಾಗಾಗಿ ಏನಾದರೂ ಆದರೆ ಬ್ಯಾಂಕು ನೋಡಿಕೊಳ್ಳುತ್ತದೆ ಅನ್ನೋದು. ಬ್ಯಾಂಕಿನ ಕಾರ್ಡ್ ವಿಭಾಗದಲ್ಲಿ, ಅದರಲ್ಲೂ ಜಾಸ್ತಿ ವರ್ಷ ತಕರಾರು ಅರ್ಜಿಗಳ ಮೇಜಿನಲ್ಲಿ ಕೂತವಳು ನಾನು. ಈ ನಂಬಿಕೆ ಪೂರ್ತಿ ಸುಳ್ಳಲ್ಲ. ಕಾರ್ಡಿಗೆ ರಕ್ಷಣೆ ಇದೆ. ಆದರೆ ಹಣ ತೆಗೆದುಕೊಂಡವನ ಹೆಸರು ನಿಜವಾಗಿದ್ದಾಗ ಮಾತ್ರ ಅದು ಕೆಲಸ ಮಾಡುತ್ತದೆ. ನಿಮ್ಮ ವಿಷಯದಲ್ಲಿ ಕೆಟ್ಟಿರುವುದು ಅದೇ.

ಬಟ್ಟೆ ಅಂಗಡಿ ಎಲ್ಲಿಂದ ಬಂತು

ಕಾರ್ಡ್ ತೆಗೆದುಕೊಳ್ಳುವ ಪ್ರತಿಯೊಬ್ಬ ವ್ಯಾಪಾರಿಗೂ ನಾಲ್ಕು ಅಂಕಿಯ ಒಂದು ಸಂಕೇತ ಇರುತ್ತದೆ. ಬ್ಯಾಂಕಿನವರು ಎಂಸಿಸಿ ಅನ್ನುತ್ತಾರೆ. ದಿನಸಿ ಅಂಗಡಿಗೆ 5411. ನೀವು ದಿನಾ ಹತ್ತಿ ಇಳಿಯುವ ಔಷಧ ಅಂಗಡಿಗೆ 5912. ಜೂಜು, ಬೆಟ್ಟಿಂಗ್, ಕ್ಯಾಸಿನೊ ಚಿಪ್ಸ್‌ಗೆ 7995. ನೀವು ಪೇ ಒತ್ತಿದ ಕೂಡಲೇ ಈ ಸಂಕೇತ ನಿಮ್ಮ ಬ್ಯಾಂಕಿನ ಕಂಪ್ಯೂಟರಿಗೆ ಬರುತ್ತದೆ. ವಿದೇಶದಿಂದ 7995 ಬಂದರೆ ನಮ್ಮ ಬ್ಯಾಂಕುಗಳು ಸಾಮಾನ್ಯವಾಗಿ ಬಾಗಿಲು ಹಾಕುತ್ತವೆ. ಇದರಲ್ಲಿ ಮನುಷ್ಯರು ಯಾರೂ ಇಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಇದು ಆ ಸೈಟಿನವರಿಗೂ ಗೊತ್ತು. ಅದಕ್ಕೇ ಅವರು ಒಂದೇ ಹೆಸರಿನಲ್ಲಿ ಹಣ ಕೇಳುವುದಿಲ್ಲ. ಮೊದಲ ಹೆಸರು ಫೇಲ್ ಆದರೆ ಎರಡನೇ ಹೆಸರು, ಅದೂ ಆಗದಿದ್ದರೆ ಮೂರನೆಯದು. ಆಟಿಕೆ ಅಂಗಡಿ, ಸಾಫ್ಟ್‌ವೇರ್ ಕಂಪನಿ, ಬಟ್ಟೆ ಅಂಗಡಿ, ಹೀಗೆ. ಯಾವುದೋ ದೇಶದಲ್ಲಿ ಕಾಗದದ ಮೇಲೆ ಮಾತ್ರ ಇರುವ ಅಂಗಡಿಗಳು. ನಿಮ್ಮ ಮೊದಲ ಪ್ರಯತ್ನ ಫೇಲ್ ಆಗಿ ಆಮೇಲಿನದು ಹೋಗಿದ್ದು ಬಹುತೇಕ ಹೀಗೆ. ನಿಮ್ಮ ಬ್ಯಾಂಕು ಪೋಕರಿಗೆ ಒಪ್ಪಲಿಲ್ಲ. ಅಂಗಿಗೆ ಒಪ್ಪಿತು.

ಹೊಸ ಉಪಾಯವೇನಲ್ಲ ಇದು. ಅಮೆರಿಕ 2006ರಲ್ಲಿ ಆನ್‌ಲೈನ್ ಜೂಜಿಗೆ ಹಣ ಸಾಗಿಸುವುದನ್ನು ತಡೆಯುವ ಕಾನೂನು ತಂದಿತು. 2011ರ ಏಪ್ರಿಲ್ 15ರಂದು ಅಲ್ಲಿನ ಸರ್ಕಾರ ಪೋಕರ್‌ಸ್ಟಾರ್ಸ್, ಫುಲ್ ಟಿಲ್ಟ್, ಆಬ್ಸಲ್ಯೂಟ್ ಪೋಕರ್ ಈ ಮೂರು ದೊಡ್ಡ ಸೈಟುಗಳ ಮೇಲೆ ಮುಗಿಬಿತ್ತು. ಪೋಕರ್ ಆಡುವವರು ಈಗಲೂ ಆ ದಿನವನ್ನು ಬ್ಲ್ಯಾಕ್ ಫ್ರೈಡೇ ಅನ್ನುತ್ತಾರೆ. ಆರೋಪಪಟ್ಟಿಯಲ್ಲಿ ಇದ್ದದ್ದೂ ಇದೇ. ಆಟಗಾರರ ಹಣವನ್ನು ಇಲ್ಲದ ಅಂಗಡಿಗಳ ಹೆಸರಿನಲ್ಲಿ ತೆಗೆದುಕೊಂಡರು, ಒಡವೆ ಮಾರಿದ ಹಾಗೆ, ಗಾಲ್ಫ್ ಚೆಂಡು ಮಾರಿದ ಹಾಗೆ ತೋರಿಸಿದರು ಅಂತ. ಅಲ್ಲಿ ಗಾಲ್ಫ್ ಚೆಂಡು, ನಿಮಗೆ ಬಟ್ಟೆ.

ಡೆಬಿಟ್ ಕಾರ್ಡ್ ಫೇಲ್ ಆದದ್ದಕ್ಕೆ ಇನ್ನೂ ಸರಳ ಕಾರಣ ಇರಬಹುದು. 2020ರಿಂದ ನಮ್ಮಲ್ಲಿ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಆಫ್ ಆಗಿಯೇ ಬರುತ್ತದೆ. ನಾವೇ ಆ್ಯಪಿನಲ್ಲಿ ಆನ್ ಮಾಡಬೇಕು. ಕ್ರೆಡಿಟ್ ಕಾರ್ಡಿನಲ್ಲಿ ನೀವು ಯಾವತ್ತೋ, ಯಾವುದೋ ಪ್ರವಾಸಕ್ಕೋ ಚಂದಾಕ್ಕೋ ಆನ್ ಮಾಡಿ ಮರೆತಿರುತ್ತೀರಿ. ಡೆಬಿಟ್ ಕಾರ್ಡಿನಲ್ಲಿ ಮಾಡಿರಲಿಕ್ಕಿಲ್ಲ.

ಡೆಬಿಟ್ ಆಗಿದ್ದರೆ ಸೇಫಾ?

ಎರಡಕ್ಕೂ ಬೇರೆ ಬೇರೆ ಅಪಾಯ. ಡೆಬಿಟ್ ಕಾರ್ಡಿನಲ್ಲಿ ನಿಮ್ಮಲ್ಲಿರುವುದಷ್ಟೇ ಹೋಗುತ್ತದೆ, ಸಾಲ ಆಗುವುದಿಲ್ಲ. ಆಟದ ದೃಷ್ಟಿಯಿಂದ ಅದು ಒಳ್ಳೆಯದು. ನಮ್ಮೂರಿನಲ್ಲಿ ದೀಪಾವಳಿ ರಾತ್ರಿ ಇಸ್ಪೀಟಿಗೆ ಕೂತವರು ಜೇಬು ಖಾಲಿಯಾದ ಮೇಲೆ ಎದ್ದು ಬರಲೇಬೇಕಿತ್ತು. ಪಕ್ಕದಲ್ಲಿ ಕೂತವನು ಕೈಸಾಲ ಕೊಟ್ಟರೆ ಮಾತ್ರ ರಾತ್ರಿ ಬೆಳಗಾಗುತ್ತಿತ್ತು. ಕ್ರೆಡಿಟ್ ಕಾರ್ಡ್ ಅಂದರೆ ಪಕ್ಕದಲ್ಲಿ ಕೂತ ಆ ಮನುಷ್ಯ. ಎಷ್ಟು ಹೊತ್ತಾದರೂ ಏಳುವುದಿಲ್ಲ.

ಕಳ್ಳತನದ ದೃಷ್ಟಿಯಿಂದ ನೋಡಿದರೆ ಲೆಕ್ಕ ತಿರುಗುಮುರುಗು. ಕ್ರೆಡಿಟ್ ಕಾರ್ಡಿನಲ್ಲಿ ಯಾರೋ ಕದ್ದರೆ ಹೋದದ್ದು ಬ್ಯಾಂಕಿನ ಹಣ, ತಕರಾರು ತೀರ್ಮಾನ ಆಗುವವರೆಗೆ ನಿಮ್ಮ ಸಂಬಳ ಹಾಗೇ ಇರುತ್ತದೆ. ಡೆಬಿಟ್‌ನಲ್ಲಿ ಕದ್ದರೆ ಮನೆ ಬಾಡಿಗೆಗೆ ಇಟ್ಟ ಹಣವೇ ಹೋಗುತ್ತದೆ. ಆ ಫೋಟೋ ಡೆಬಿಟ್ ಕಾರ್ಡಿನದಾಗಿದ್ದರೆ ನಾನು ಇನ್ನೂ ಜಾಸ್ತಿ ಗಾಬರಿಯಾಗುತ್ತಿದ್ದೆ.

ಲಂಡನ್ನಿನ ತಮ್ಮನ ಮಾತಿಗೆ ಬರೋಣ. ಅವರು ಆರಾಮಾಗಿ ಆಡುತ್ತಿರಬಹುದು, ಅಲ್ಲಿ ಆನ್‌ಲೈನ್ ಪೋಕರಿಗೆ ಪರವಾನಗಿ ಇದೆ, ಗ್ಯಾಂಬ್ಲಿಂಗ್ ಕಮಿಷನ್ ಅಂತ ಒಂದು ಸಂಸ್ಥೆ ನೋಡಿಕೊಳ್ಳುತ್ತದೆ. ಆದರೆ ಅವರನ್ನೇ ಕೇಳಿ, ಆ ಕಾರ್ಡ್ ಡೆಬಿಟ್ ಆಗಿರಬೇಕು. ಬ್ರಿಟನ್ನಿನಲ್ಲಿ 2020ರ ಏಪ್ರಿಲ್ 14ರಿಂದ ಜೂಜಿಗೆ ಕ್ರೆಡಿಟ್ ಕಾರ್ಡ್ ಬಳಸುವಂತಿಲ್ಲ. ಆಸ್ಟ್ರೇಲಿಯಾ ಕೂಡ ಆನ್‌ಲೈನ್ ಬೆಟ್ಟಿಂಗಿಗೆ 2024ರ ಜೂನ್‌ನಿಂದ ನಿಲ್ಲಿಸಿದೆ. ಜೂಜಿಗೆ ಒಪ್ಪಿಗೆ ಇರುವ ದೇಶಗಳೇ ಸಾಲದ ಹಣದಲ್ಲಿ ಬೇಡ ಅಂದಿವೆ.

ಚಾರ್ಜ್‌ಬ್ಯಾಕ್ ಬಗ್ಗೆ

ಟೆಲಿಗ್ರಾಂ ಗುಂಪಿನಲ್ಲಿ ಯಾರೋ ಹೇಳಿರಬೇಕು: "ನಾನು ಮಾಡಿಲ್ಲ ಅಂತ ಡಿಸ್ಪ್ಯೂಟ್ ಹಾಕು, ಒಟಿಪಿ ಇರಲಿಲ್ಲ, ಬ್ಯಾಂಕು ಕೊಡಲೇಬೇಕು." ಈ ಸಲಹೆ ನನ್ನ ಮೇಜಿಗೆ ನೂರು ರೂಪದಲ್ಲಿ ಬಂದಿದೆ.

ಹಾಕಬೇಡಿ. ಆ ಆರು ಪಾವತಿ ನೀವೇ ಮಾಡಿದ್ದು. ಮಾಡಿಲ್ಲ ಅಂತ ಸಹಿ ಹಾಕಿದರೆ ಅದು ಸುಳ್ಳು ಹೇಳಿಕೆ. ತಕರಾರು ಅರ್ಜಿ ಆ ವ್ಯಾಪಾರಿಯ ಬ್ಯಾಂಕಿಗೆ ಹೋಗುತ್ತದೆ. ಅವರು ನಿಮ್ಮ ಐಪಿ ವಿಳಾಸ, ಲಾಗಿನ್ ಸಮಯ, ನೀವು ಕಳಿಸಿದ ಗುರುತಿನ ಚೀಟಿ ಎಲ್ಲ ಲಗತ್ತಿಸಿ ವಾಪಸ್ ಕಳಿಸುತ್ತಾರೆ. ಈಗ ಅವರ ಹತ್ತಿರ ನಿಮ್ಮ ಕಾರ್ಡಿನ ಫೋಟೋ ಕೂಡ ಇದೆ. ಹಣ ಬರುವುದಿಲ್ಲ, ನಿಮ್ಮ ಹೆಸರಿನ ಮುಂದೆ ಬ್ಯಾಂಕಿನಲ್ಲಿ ಒಂದು ಗುರುತು ಬೀಳುತ್ತದೆ. ಮುಂದೆ ನಿಜವಾಗಿ ಕಳ್ಳತನ ಆದ ದಿನ ನಿಮ್ಮ ಮಾತು ಯಾರೂ ಬೇಗ ನಂಬುವುದಿಲ್ಲ.

ಬಟ್ಟೆ ಬಂದಿಲ್ಲ ಅಂತ ಹಾಕಬಹುದಲ್ಲ ಅನ್ನಿಸಬಹುದು. ತಮಾಷೆ ಅಂದರೆ, ಅದು ಅಕ್ಷರಶಃ ನಿಜ. ಆದರೆ ನೀವು ಬಟ್ಟೆ ಕೇಳಿರಲಿಲ್ಲ. ಕೇಳಿದ್ದು ಚಿಪ್ಸ್, ಅದು ಬಂತು, ಆಡಿದಿರಿ, ಸೋತಿರಿ. ಸೋತ ಕೈಗೆ ಚಾರ್ಜ್‌ಬ್ಯಾಕ್ ಇಲ್ಲ.

ಬೇರೆ ಎರಡು ಕೆಲಸ ಮಾಡಬಹುದು. ಒಂದು, ಇದ್ದದ್ದನ್ನು ಇದ್ದ ಹಾಗೇ ಬ್ಯಾಂಕಿಗೆ ಬರೆಯಿರಿ: ಈ ವ್ಯಾಪಾರಿ ಬಟ್ಟೆ ಅಂಗಡಿ ಅಂತ ತೋರಿಸಿ ಪೋಕರ್ ಸೈಟಿಗೆ ಹಣ ತೆಗೆದುಕೊಳ್ಳುತ್ತಿದ್ದಾನೆ ಅಂತ. ಬ್ಯಾಂಕು ಅದನ್ನು ವೀಸಾ ಅಥವಾ ಮಾಸ್ಟರ್‌ಕಾರ್ಡಿಗೆ ತಿಳಿಸಬಹುದು. ಹಣ ವಾಪಸ್ ಬರುತ್ತದೆ ಅಂತ ನಾನು ಆಸೆ ಹುಟ್ಟಿಸುವುದಿಲ್ಲ. ಇದರಲ್ಲಿ ಅಪಾಯವೂ ಇದೆ, ಕೆಲವು ಬ್ಯಾಂಕುಗಳು ಕಾರ್ಡನ್ನೇ ಮುಚ್ಚಬಹುದು. ಎರಡು, ಇವತ್ತಿನ ನಂತರ ನೀವು ಮಾಡದ ಯಾವುದೇ ಪಾವತಿ ಕಾಣಿಸಿದರೆ ಅದೇ ದಿನ ದೂರು ಕೊಡಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಲ್ಲಿ ಮೂರು ಕೆಲಸದ ದಿನಗಳ ಒಳಗೆ ತಿಳಿಸಿದವರಿಗೆ ಒಳ್ಳೆಯ ರಕ್ಷಣೆ ಇದೆ, ತಡವಾದಷ್ಟೂ ಅದು ಕರಗುತ್ತದೆ. ಗ್ರಾಹಕರೇ ವಿವರ ಬಿಟ್ಟುಕೊಟ್ಟಿದ್ದರೆ, ನೀವು ಕಾರ್ಡಿನ ಫೋಟೋ ಕಳಿಸಿದ ಹಾಗೆ, ತಿಳಿಸುವ ತನಕ ಆದ ನಷ್ಟ ಗ್ರಾಹಕರದೇ ಅನ್ನುವ ಮಾತೂ ಅದರಲ್ಲೇ ಇದೆ. ಕಾರ್ಡನ್ನು ಮೊದಲು ಬ್ಲಾಕ್ ಮಾಡಿಸಿದ್ದು ಇದಕ್ಕೇ.

ಸೈಟಿನಲ್ಲಿ ಉಳಿದ 200 ಡಾಲರ್ ಬಿಟ್ಟುಬಿಡಿ. ಹಣ ವಾಪಸ್ ಕೊಡಲು ಇನ್ನಷ್ಟು ಹಣ ಕೇಳುವವರು ಕೊಡುವುದಿಲ್ಲ. 50 ಹಾಕಿದರೆ ಮುಂದೆ ತೆರಿಗೆ ಅಂತ 100 ಕೇಳುತ್ತಾರೆ. ಕೆಲವು ದಿನದಲ್ಲಿ ಹಣ ವಾಪಸ್ ಕೊಡಿಸುತ್ತೇವೆ ಅಂತ ಏಜೆಂಟರೂ ಫೋನ್ ಮಾಡಬಹುದು. ನಿಮ್ಮ ಹೆಸರು, ನಂಬರು ಅವರಿಗೆ ಎಲ್ಲಿಂದ ಸಿಕ್ಕಿತು ಅಂತ ಯೋಚನೆ ಮಾಡಿ.

ನಿಮಗೆ ನಿಜವಾಗಿ ತಲೆನೋವು ಆಗುವುದು ಲೀನ್

ನೀವು ಇದನ್ನು ಪತ್ರದ ಮಧ್ಯದಲ್ಲಿ ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನಗೆ ಅದೇ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು.

ಹಳೆಯ ಆ್ಯಪಿನಲ್ಲಿ ಹಣ ಹೋದ ದಾರಿಯಲ್ಲೇ ವಾಪಸ್ ಬರುತ್ತಿತ್ತು, ಕಳಿಸಿದ ಕಂಪನಿಯ ಹೆಸರು ಪಾಸ್‌ಬುಕ್ಕಿನಲ್ಲಿ ಕಾಣುತ್ತಿತ್ತು. ಈ ಸೈಟಿಗೆ ಅದು ಸಾಧ್ಯವಿಲ್ಲ. ಬಟ್ಟೆ ಅಂಗಡಿ ಗ್ರಾಹಕನಿಗೆ 38,000 ರೂಪಾಯಿ ಯಾಕೆ ಕಳಿಸುತ್ತದೆ? ಹಾಗಾಗಿ ಹೋಗುವುದು ಕಾರ್ಡಿನಲ್ಲಿ, ಬರುವುದು ಯಾರದೋ ಖಾತೆಯಿಂದ. ಆ ಖಾತೆಗಳು ಯಾರವು? ಕಾಲೇಜು ಹುಡುಗರದು, ಆಟೋ ಓಡಿಸುವವರದು, ಕೂಲಿಯವರದು. ತಿಂಗಳಿಗೆ ಇಷ್ಟು ಅಂತ ಬಾಡಿಗೆಗೆ ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ಮು ಎಲ್ಲ ಕೊಟ್ಟಿರುತ್ತಾರೆ. ನಾವು ಮ್ಯೂಲ್ ಅಕೌಂಟ್ ಅನ್ನುತ್ತೇವೆ. ಅಂಥ ಒಂದೇ ಖಾತೆಯಲ್ಲಿ ಪೋಕರಿನ ಹಣವೂ ಇರುತ್ತದೆ, ಷೇರು ಟ್ರೇಡಿಂಗ್ ಅಂತ ಮೋಸ ಹೋದ ನಿವೃತ್ತ ಮೇಷ್ಟರ ಪಿಂಚಣಿಯೂ ಇರುತ್ತದೆ.

ಆ ಮೇಷ್ಟರು 1930ಕ್ಕೆ ಫೋನ್ ಮಾಡಿ ದೂರು ಕೊಡುತ್ತಾರೆ. ಅವರ ಹಣ ಮೊದಲು ಯಾವ ಖಾತೆಗೆ ಹೋಯಿತು, ಅಲ್ಲಿಂದ ಎಲ್ಲೆಲ್ಲಿಗೆ ಹರಿಯಿತು ಅಂತ ಪೊಲೀಸರು ಪದರ ಪದರವಾಗಿ ಬಿಡಿಸುತ್ತಾ ಬರುತ್ತಾರೆ. ನಾಲ್ಕನೆಯದೋ ಐದನೆಯದೋ ಪದರದಲ್ಲಿ ಹುಬ್ಬಳ್ಳಿಯ ನಿಮ್ಮ ಸಂಬಳದ ಖಾತೆ ಸಿಗುತ್ತದೆ. ನಿಮ್ಮ ಪಾಲಿಗೆ ಅದು ಗೆದ್ದ ಹಣ. ಅವರ ಕಡತದಲ್ಲಿ ಕದ್ದ ಮಾಲು.

14,500ಕ್ಕೆ ಮಾತ್ರ ಲೀನ್ ಬಿದ್ದಿರುವುದು ಒಂದು ರೀತಿಯಲ್ಲಿ ಅದೃಷ್ಟ. ಇಡೀ ಖಾತೆಯೇ ಫ್ರೀಜ್ ಆದವರನ್ನು ನೋಡಿದ್ದೇನೆ. ಸಂಬಳ ಬಂದು ಬೀಳುತ್ತದೆ, ತೆಗೆಯಲು ಆಗುವುದಿಲ್ಲ. ಅದಕ್ಕೆ ಈ ವಾರವೇ ಶಾಖೆಗೆ ಹೋಗಿ. ಮೌಖಿಕ ಉತ್ತರ ಬೇಡ. ದೂರಿನ ಸ್ವೀಕೃತಿ ಸಂಖ್ಯೆ, ಠಾಣೆಯ ಹೆಸರು, ತನಿಖಾಧಿಕಾರಿಯ ಇಮೇಲ್ ಬರವಣಿಗೆಯಲ್ಲಿ ಕೇಳಿ. ಬ್ಯಾಂಕು ಸಾಮಾನ್ಯವಾಗಿ ತಾನಾಗಿ ಲೀನ್ ತೆಗೆಯುವುದಿಲ್ಲ, ಹಾಗಾಗಿ ಕೌಂಟರಿನ ಹುಡುಗಿಯ ಮೇಲೆ ರೇಗಿ ಪ್ರಯೋಜನ ಇಲ್ಲ. ಆದರೆ ಆ ವಿವರ ಕೊಡದೆ ಸತಾಯಿಸಿದರೆ ಬ್ಯಾಂಕಿನ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು, ಅದಕ್ಕೆ ಖರ್ಚಿಲ್ಲ.

ಪೊಲೀಸರಿಗೆ ಉತ್ತರ ಬರೆಯುವ ಮುಂಚೆ ಒಬ್ಬ ವಕೀಲರಿಗೆ ತೋರಿಸಿ. ಖಾತೆ ತಡೆಹಿಡಿಯುವ ಅಧಿಕಾರ ಪೊಲೀಸರಿಗೆ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಮಿನಲ್ಲಿದೆ, ಬಿಡಿಸಿಕೊಳ್ಳಲು ಮ್ಯಾಜಿಸ್ಟ್ರೇಟರ ಹತ್ತಿರ ಹೋಗುವ ದಾರಿಯೂ ಇದೆ. 14,500ಕ್ಕೆ ಅಷ್ಟು ಓಡಾಟ ಬೇಕಾ ಅನ್ನೋದು ನಿಮ್ಮ ಲೆಕ್ಕ. ಎಷ್ಟೋ ಜನ ಆ ಮೊತ್ತ ದೂರುದಾರರಿಗೆ ಹೋಗಲಿ ಅಂತ ಒಪ್ಪಿ ಉಳಿದ ಖಾತೆ ಉಳಿಸಿಕೊಳ್ಳುತ್ತಾರೆ. ನನಗೆ ಅದು ತಪ್ಪು ಅನ್ನಿಸುವುದಿಲ್ಲ, ಆದರೆ ಹಾಗೆ ಬರೆದುಕೊಡುವ ಪತ್ರದಲ್ಲಿ ತಪ್ಪೊಪ್ಪಿಗೆಯ ಮಾತು ನುಸುಳದ ಹಾಗೆ ವಕೀಲರೇ ನೋಡಲಿ. ಏನೇ ಬರೆದರೂ, ಸ್ನೇಹಿತ ಕೊಟ್ಟ ಸಾಲ ಅಂತ ಕಥೆ ಕಟ್ಟಬೇಡಿ. ಆ ಸ್ನೇಹಿತನ ಹೆಸರೇನು ಅಂತ ಮುಂದಿನ ಪ್ರಶ್ನೆ ಬರುತ್ತದೆ.

38,000ದಲ್ಲಿ ಉಳಿದದ್ದು ಇನ್ನೊಬ್ಬರ ಖಾತೆಯಿಂದ ಬಂದಿತ್ತಲ್ಲ, ಅದಕ್ಕೂ ಹೀಗೇ ಆಗಬಹುದು. ಅಷ್ಟು ಹಣ ಖಾತೆಯಲ್ಲಿ ಹಾಗೇ ಇರಲಿ.

ಅಪರಾಧವಾ?

ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2025ರ ಆಗಸ್ಟ್ 22ಕ್ಕೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟ ಕೌಶಲದ್ದೋ ಅದೃಷ್ಟದ್ದೋ ಅನ್ನುವ ಹಳೆಯ ವಾದಕ್ಕೇ ಅದರಲ್ಲಿ ಜಾಗ ಇಲ್ಲ, ಎರಡೂ ನಿಷೇಧ. ಪೋಕರ್ ಆಡುವವರಿಗೆ ಇದು ನುಂಗಲಾರದ ತುತ್ತು. ಯಾಕೆಂದರೆ 2021ರಲ್ಲಿ ನಮ್ಮ ರಾಜ್ಯ ಸರ್ಕಾರ ತಂದ ಇಂಥದ್ದೇ ನಿಷೇಧವನ್ನು ಕರ್ನಾಟಕ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ಕೌಶಲದ ಆಧಾರದ ಮೇಲೇ ಹೊಡೆದುಹಾಕಿತ್ತು. ಕೇಂದ್ರದ ಕಾಯ್ದೆಯ ವಿರುದ್ಧದ ಅರ್ಜಿಗಳು ಈಗ ಸುಪ್ರೀಂ ಕೋರ್ಟಿಗೆ ಹೋಗಿವೆ. ಅವುಗಳಲ್ಲಿ ಒಂದು ಶುರುವಾದದ್ದು ನಮ್ಮ ಹೈಕೋರ್ಟಿನಲ್ಲೇ.

ಕಾಯ್ದೆಯ ಶಿಕ್ಷೆಗಳು ಆಟ ನಡೆಸುವವರಿಗೆ, ಜಾಹೀರಾತು ಮಾಡುವವರಿಗೆ, ಹಣ ಸಾಗಿಸಿಕೊಡುವವರಿಗೆ. ನಡೆಸುವವರಿಗೂ ಹಣ ಸಾಗಿಸುವವರಿಗೂ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಬರೀ ಆಡಿದವರಿಗೆ ಅದರಲ್ಲಿ ಶಿಕ್ಷೆ ಇಲ್ಲ. ಆದರೆ ಆ ಲಿಂಕನ್ನು ನೀವು ಬೇರೆಯವರಿಗೆ ಕಳಿಸಿ ರೆಫರಲ್ ಬೋನಸ್ ತೆಗೆದುಕೊಂಡಿದ್ದರೆ, ಅಥವಾ ಸ್ನೇಹಿತರ ಪರವಾಗಿ ನಿಮ್ಮ ಕಾರ್ಡಿನಲ್ಲಿ ಹಣ ಹಾಕಿದ್ದರೆ, ನೀವು ಬರೀ ಆಟಗಾರ ಅಲ್ಲ. ಪತ್ರದಲ್ಲಿ ಅದರ ಬಗ್ಗೆ ಏನೂ ಇಲ್ಲ. ಇದ್ದರೆ ವಕೀಲರಿಗೆ ಮೊದಲೇ ಹೇಳಿ.

ಇನ್ನೊಂದು ಕಾನೂನನ್ನು ಎಲ್ಲರೂ ಮರೆಯುತ್ತಾರೆ, ವಿದೇಶಿ ವಿನಿಮಯದ ಫೆಮಾ ಕಾಯ್ದೆ. ಲಾಟರಿ ಟಿಕೆಟ್, ಫುಟ್‌ಬಾಲ್ ಪೂಲ್, ಸ್ವೀಪ್‌ಸ್ಟೇಕ್ಸ್ ಇತ್ಯಾದಿಗಳಿಗೆ ವಿದೇಶಕ್ಕೆ ಹಣ ಕಳಿಸುವಂತಿಲ್ಲ ಅಂತ 2000ದ ನಿಯಮಗಳಲ್ಲೇ ಇದೆ. ಆ "ಇತ್ಯಾದಿ"ಯಲ್ಲಿ ಬೆಟ್ಟಿಂಗ್, ಕ್ಯಾಸಿನೊ ಎಲ್ಲ ಬಂತು ಅಂತಲೇ ಬ್ಯಾಂಕುಗಳು ಓದುತ್ತವೆ. ಇದಕ್ಕೆ ದಂಡ ಮೊತ್ತದ ಮೂರು ಪಟ್ಟಿನವರೆಗೂ ಹೋಗಬಹುದು. 600 ಡಾಲರಿಗೆ ಯಾರೂ ನಿಮ್ಮ ಬಾಗಿಲು ತಟ್ಟುತ್ತಾರೆ ಅಂತ ನಾನು ಹೆದರಿಸುವುದಿಲ್ಲ. ಆದರೆ ಮುಂದೆ ಬ್ಯಾಂಕು ಈ ಪಾವತಿ ಏನು ಅಂತ ಕೇಳಿದರೆ ನಿಮ್ಮ ಹತ್ತಿರ ಒಳ್ಳೆಯ ಉತ್ತರ ಇರುವುದಿಲ್ಲ. ಹಾಗೇ, ಜಾರಿ ನಿರ್ದೇಶನಾಲಯದಿಂದ (ಇಡಿ) ಮಾತಾಡುತ್ತಿದ್ದೇವೆ, ವಿಡಿಯೊ ಕಾಲ್‌ನಲ್ಲೇ ಇರಿ, ಡಿಜಿಟಲ್ ಅರೆಸ್ಟ್ ಅಂತ ಯಾರಾದರೂ ಫೋನ್ ಮಾಡಿದರೆ ತಕ್ಷಣ ಕಟ್ ಮಾಡಿ. ಅಂಥ ಅರೆಸ್ಟ್ ನಮ್ಮ ಕಾನೂನಿನಲ್ಲೇ ಇಲ್ಲ. ನಿಮ್ಮ ಹೆಸರು, ನಂಬರು, ಆಡಿದ ವಿವರ ಎಲ್ಲ ಇರುವ ಪಟ್ಟಿ ಇಂಥ ಕಳ್ಳರಿಗೆ ಬಂಗಾರ.

ಗೆದ್ದ ಹಣಕ್ಕೆ 30 ಪರ್ಸೆಂಟ್ ತೆರಿಗೆ ಇದೆ. ಈ ಸೈಟಿನವರು ಟಿಡಿಎಸ್ ಮುರಿದಿಲ್ಲ, ರಿಟರ್ನ್‌ನಲ್ಲಿ ತೋರಿಸುವುದು ನಿಮ್ಮ ಜವಾಬ್ದಾರಿ. ನಿಮ್ಮ ಆಡಿಟರ್ ಹತ್ತಿರ ಮುಚ್ಚಿಡಬೇಡಿ.

60,000ದ ಲೆಕ್ಕ

ನೀವು ಒಂದು ಸಲ 100 ಡಾಲರ್ ಹಾಕಿದಾಗ ಎಷ್ಟು ಹೋಯಿತು ನೋಡೋಣ. ಡಾಲರಿಗೆ 88 ಅಂತ ಹಿಡಿಯಿರಿ, 8,800. ಅದರ ಮೇಲೆ ವಿದೇಶಿ ವಿನಿಮಯದ ಶುಲ್ಕ, ಎಷ್ಟೋ ಕಾರ್ಡುಗಳಲ್ಲಿ 3.5 ಪರ್ಸೆಂಟ್, ಅಂದರೆ 308. ಆ ಶುಲ್ಕಕ್ಕೆ ಜಿಎಸ್‌ಟಿ 55. ಒಟ್ಟು 9,163. ಟೇಬಲ್ಲಿಗೆ ಕೂರುವ ಮೊದಲೇ 363 ರೂಪಾಯಿ ಸೋತಿದ್ದೀರಿ. ಆರು ಸಲಕ್ಕೆ 2,178.

ಅದಾದರೂ ಒಂದು ಸಲದ ಖರ್ಚು. ಮಿನಿಮಮ್ ಕಟ್ಟುವುದು ಹಾಗಲ್ಲ. ಕಾರ್ಡಿನ ಬಡ್ಡಿ ತಿಂಗಳಿಗೆ 3.5 ಪರ್ಸೆಂಟ್ ಇದ್ದರೆ 60,000ಕ್ಕೆ 2,100, ಅದರ ಮೇಲೆ ಜಿಎಸ್‌ಟಿ 378. ಒಟ್ಟು 2,478. ಮಿನಿಮಮ್ 5 ಪರ್ಸೆಂಟ್ ಅಂದರೆ ನೀವು ಕಟ್ಟುವುದು 3,000. ಅಸಲಿಗೆ ಹೋಗಿದ್ದು 522 ರೂಪಾಯಿ. ಜೊತೆಗೆ, ಹಳೆ ಬಾಕಿ ಇರುವವರೆಗೆ ಹೊಸ ಖರ್ಚಿಗೆ ಬಡ್ಡಿ ಇಲ್ಲದ ದಿನಗಳೂ ಸಿಗುವುದಿಲ್ಲ. ಇವತ್ತು ಹಾಕಿದ ಪೆಟ್ರೋಲಿಗೂ ಇವತ್ತಿನಿಂದಲೇ ಬಡ್ಡಿ.

ಕೈಯಲ್ಲಿ ಹಣ ಇದ್ದರೆ ಪೂರ್ತಿ ಕಟ್ಟಿ ಮುಗಿಸಿ, ಎಫ್‌ಡಿ ಮುರಿಯಬೇಕಾದರೂ ಸರಿ. ವರ್ಷಕ್ಕೆ 42 ಪರ್ಸೆಂಟ್ ಬಡ್ಡಿಯ ಸಾಲ ಇಟ್ಟುಕೊಂಡು 7 ಪರ್ಸೆಂಟಿನ ಎಫ್‌ಡಿ ಕಾಪಾಡುವುದರಲ್ಲಿ ಅರ್ಥ ಇಲ್ಲ. ಇಲ್ಲದಿದ್ದರೆ ಬಾಕಿಯನ್ನು ಕಂತಿಗೆ ಬದಲಾಯಿಸಿಕೊಡಿ ಅಂತ ಬ್ಯಾಂಕನ್ನು ಕೇಳಿ, ಅಥವಾ ಸಂಬಳದ ಖಾತೆಯ ಮೇಲೆ ವೈಯಕ್ತಿಕ ಸಾಲ ತೆಗೆಯಿರಿ. ಬಡ್ಡಿ ಸಾಮಾನ್ಯವಾಗಿ ಕಾರ್ಡಿನ ಅರ್ಧಕ್ಕೂ ಕಡಿಮೆ. ಆದರೆ ಇದರಲ್ಲಿ ಒಂದು ಗುಂಡಿ ಇದೆ, ನಾನು ಜನ ಬೀಳುವುದನ್ನು ನೋಡಿದ ಗುಂಡಿ. ಸಾಲ ತೆಗೆದು ಕಾರ್ಡ್ ತೀರಿಸಿದ ದಿನ ಕಾರ್ಡಿನ ಲಿಮಿಟ್ ಪೂರ್ತಿ ಮತ್ತೆ ಖರ್ಚಿಗೆ ಸಿಗುತ್ತದೆ. ಕೆಲವೇ ತಿಂಗಳಲ್ಲಿ ಸಾಲವೂ ಇರುತ್ತದೆ, ಕಾರ್ಡೂ ತುಂಬಿರುತ್ತದೆ. ಹಾಗಾಗಿ ಹೊಸ ಕಾರ್ಡ್ ಬಂದ ದಿನವೇ ಲಿಮಿಟ್ 20,000ಕ್ಕೆ ಇಳಿಸಲು ಬರೆದುಕೊಡಿ, ವಿದೇಶಿ ಬಳಕೆ ಆನ್ ಮಾಡಲೇಬೇಡಿ.

ಸಿಬಿಲ್‌ಗೆ ನೀವು ಪೋಕರ್ ಆಡಿದ್ದು ಗೊತ್ತಾಗುವುದಿಲ್ಲ. ಲಿಮಿಟ್ಟಿನಲ್ಲಿ ಎಷ್ಟು ಬಳಸಿದಿರಿ, ಹೊತ್ತಿಗೆ ಕಟ್ಟಿದಿರಾ, ಅಷ್ಟೇ ಅದಕ್ಕೆ ಕಾಣುವುದು. ಮಿನಿಮಮ್ ತಪ್ಪದೆ ಕಟ್ಟಿದ್ದರಿಂದ ಸ್ಕೋರ್ ತೀರಾ ಕೆಟ್ಟಿರಲಿಕ್ಕಿಲ್ಲ. ಆದರೆ ಮನೆ ಸಾಲ ಕೊಡುವ ಅಧಿಕಾರಿ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ಅಪರಿಚಿತರಿಂದ ಬಂದ ದುಡ್ಡು, ಮೇಲೆ ಸೈಬರ್ ಲೀನ್. ನಾನೇ ಆ ಕುರ್ಚಿಯಲ್ಲಿದ್ದರೆ ಫೈಲು ಪಕ್ಕಕ್ಕಿಡುತ್ತಿದ್ದೆ. ಲೀನ್ ಬಗೆಹರಿದು ಆರು ತಿಂಗಳು ಶುದ್ಧ ಸ್ಟೇಟ್‌ಮೆಂಟ್ ಆಗುವವರೆಗೆ ಅರ್ಜಿ ಹಾಕಬೇಡಿ. ಕಾರ್ಡಿನ ಬಾಕಿಗೆ ಸೆಟಲ್‌ಮೆಂಟ್ ಮಾಡಿಕೊಳ್ಳಿ ಅಂತ ಯಾರಾದರೂ ಹೇಳಿದರೂ ಒಪ್ಪಬೇಡಿ. ಸಿಬಿಲ್‌ನಲ್ಲಿ "ಸೆಟಲ್ಡ್" ಅನ್ನುವ ಪದ ಕುಳಿತರೆ ಮನೆ ಸಾಲಕ್ಕೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ.

ಆರು ಸಲದಲ್ಲಿ ಕೊನೆಯ ಮೂರನ್ನು ಹಾಕಿದ್ದು ಗೆಲ್ಲಲಿಕ್ಕಾ, ಮೊದಲ ಮೂರು ವಾಪಸ್ ತರಲಿಕ್ಕಾ? ಎರಡನೆಯದಾದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿಗೆ ಬರುವುದಿದ್ದರೆ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಗೀಳಿಗೆಂದೇ ಷಟ್ ಕ್ಲಿನಿಕ್ ಇದೆ. ಅದು ನನ್ನ ವಿಷಯ ಅಲ್ಲ, ಅದಕ್ಕೆ ಇಷ್ಟಕ್ಕೇ ಬಿಡುತ್ತೇನೆ.

ಮನೆಯವರಿಗೆ ಹೇಳಬೇಕಾ ಅಂತ ನೀವು ಕೇಳಿಲ್ಲ. ಆದರೆ 14ಕ್ಕೆ ಬಿಲ್ಲು ಬರುತ್ತದೆ ಅಂತ ಬರೆದಿದ್ದೀರಿ. ಸುಮ್ನೆ ಯಾರೂ ತಾರೀಖು ಬರೆಯುವುದಿಲ್ಲ.

ಕೆಲವು ವರ್ಷದ ಹಿಂದೆ ಒಬ್ಬ ಹೆಂಗಸು ನಮ್ಮ ಕಚೇರಿಗೆ ಗಂಡನ ಕಾರ್ಡ್ ಸ್ಟೇಟ್‌ಮೆಂಟ್ ಹಿಡಿದು ಬಂದಿದ್ದರು. ನಾಲ್ಕು ಮಡಿಕೆ ಮಾಡಿದ ಕಾಗದ, ಮಡಿಕೆಯ ಗೆರೆಯಲ್ಲಿ ಹರಿದಿತ್ತು. ಎಷ್ಟು ಸಲ ಬಿಚ್ಚಿ ನೋಡಿದ್ದರೋ. ಐದು ಸಾಲಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು. ಐದರಲ್ಲೂ ಒಂದೇ ಹೆಸರು, ಯಾವುದೋ ದೇಶದ ಮಕ್ಕಳ ಬಟ್ಟೆ ಅಂಗಡಿ. ಕೂತ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಮೇಡಂ, ನಮಗೆ ಮಕ್ಕಳಿಲ್ಲ. ಇದು ಯಾರ ಮಗುವಿಗೆ?" ಕಾರ್ಡ್ ಅವರ ಹೆಸರಿನದಲ್ಲ, ನಾನು ವಿವರ ಹೇಳುವಂತಿರಲಿಲ್ಲ. ಯಜಮಾನರನ್ನೇ ಕರೆದುಕೊಂಡು ಬನ್ನಿ ಅಂದೆ. ಮರುದಿನ ಇಬ್ಬರೂ ಬಂದರು. ಜೂಜಿನ ಹಣ ಅಂತ ಗಂಡನ ಬಾಯಿಂದಲೇ ಬಂದಾಗ ಆ ಹೆಂಗಸಿಗೆ ಸಿಟ್ಟಿಗಿಂತ ಮೊದಲು ಉಸಿರು ಬಂತು.

ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಇರುವ ಅಂಗಡಿ ಯಾವ ಬಟ್ಟೆಯದು ಅಂತ ಒಮ್ಮೆ ನೋಡಿ. 14ಕ್ಕೆ ಮೊದಲೇ ಕಾಗದ ನೀವೇ ಅವರ ಕೈಗೆ ಕೊಡಿ.